ಎಲ್ಲ ಇದ್ದು ಒಂದು ಕಮ್ಮಿಯಾದರೆ: ಹೊಲ, ಹೊಳೆ, ಗುಡ್ಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಗೆಳೆಯರು, ಅವರ ಮನೆಯ ಹಿರಿಯರು, ಕಾಲೇಜಿಗೆ ಹೋಗುವ ಮಕ್ಕಳು ಆಗಾಗ ಕೇಳಿದ ಪ್ರಶ್ನೆಗಳಿವು. ಕೆಲವು ಹೊಲದ ಬದುವಿನ ಮೇಲೆ ನಿಂತು ಕೇಳಿದ್ದು, ಕೆಲವು ಬಸ್ಸಿನಲ್ಲಿ. ಭತ್ತದಿಂದ ಹಿಡಿದು ಕರಡಿಯವರೆಗೆ ಪ್ರಶ್ನೆ ಹರಡಿಕೊಂಡಿವೆ, ಆದರೆ ಎಲ್ಲದರ ಬುಡದಲ್ಲಿ ಇರುವುದು ಒಂದೇ ಸಂಗತಿ. ಒಂದು ಜೀವ ಎಷ್ಟು ಬೆಳೆಯುತ್ತದೆ, ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಅದಕ್ಕೆ ಎಲ್ಲಕ್ಕಿಂತ ಕಮ್ಮಿ ಸಿಗುವ ವಸ್ತು ತೀರ್ಮಾನಿಸುತ್ತದೆ.

ಯೂರಿಯಾ ಹಾಕಿದ್ದೇವೆ, ಕಾಲುವೆ ನೀರೂ ಇದೆ. ಆದರೂ ಭತ್ತ ಯಾಕೆ ಏಳುತ್ತಿಲ್ಲ?

ಇದು ನಮ್ಮ ಮನೆಯಲ್ಲೇ ಆದದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮದು ನಾಲ್ಕು ಎಕರೆ. ಒಂದು ವರ್ಷ ನಾಟಿ ಮುಗಿದು ಮೂರು ವಾರಕ್ಕೆ ಗದ್ದೆಯಲ್ಲಿ ಅಲ್ಲಲ್ಲಿ ಪೈರು ಕುಗ್ಗಿ ಕೂತಿತು. ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಕಂದು ಚುಕ್ಕೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಇನ್ನೊಂದು ಚೀಲ ಯೂರಿಯಾ ಒಯ್ಯಿರಿ ಅಂದರು. ಅಪ್ಪ ಹಾಕಿದರು. ಏನೂ ಆಗಲಿಲ್ಲ. ರಂಜಕ (ಫಾಸ್ಫರಸ್) ಇರುವ ಡಿಎಪಿ ಗೊಬ್ಬರ ಹಾಕಿದರು. ಚುಕ್ಕೆ ಇನ್ನೂ ಜಾಸ್ತಿ ಆಯಿತು. ಅಪ್ಪ ದಿನಾ ಬೆಳಿಗ್ಗೆ ಬದುವಿನ ಮೇಲೆ ಕೂತು ಗದ್ದೆ ನೋಡುತ್ತಿದ್ದರು, ಮಾತು ಕಮ್ಮಿ ಮಾಡಿದ್ದರು.

ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಕಮ್ಮಿ ಇದ್ದದ್ದು ಸತು. ನಾವು ಜಿಂಕ್ ಅನ್ನುತ್ತೇವಲ್ಲ, ಅದೇ. ಎಕರೆಗೆ ನೂರಾರು ಕೆಜಿ ಗೊಬ್ಬರ ಸುರಿದಿದ್ದೆವು. ಬೇಕಾಗಿದ್ದದ್ದು ಎಂಟು ಹತ್ತು ಕೆಜಿ ಜಿಂಕ್ ಸಲ್ಫೇಟ್. ಸಿಂಪಡಿಸಿದ ಮೇಲೆ ಹೊಸ ಎಲೆ ಹಸಿರಾಗಿಯೇ ಬಂತು. ಆದರೆ ಅಷ್ಟರಲ್ಲಿ ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುವ ಹೊತ್ತು ಮೀರಿತ್ತು. ಆ ವರ್ಷದ ಇಳುವರಿ ಹೋಯಿತು.

ಭತ್ತದ ಈ ತೊಂದರೆಗೆ ಖೈರಾ ರೋಗ ಎಂದು ಹೆಸರು. ಇದು ಯಾವುದೋ ರೋಗಾಣುವಿನಿಂದ ಬಂದದ್ದಲ್ಲ, ಸತುವಿನ ಕೊರತೆ ಎಂದು ಉತ್ತರ ಭಾರತದ ಪಂತನಗರ ಕೃಷಿ ವಿಶ್ವವಿದ್ಯಾಲಯದ ವೈ. ಎಲ್. ನೆನೆ 1966ರಲ್ಲಿ ತೋರಿಸಿಕೊಟ್ಟರು. ಕ್ಷಾರದ ಮಣ್ಣು, ಅದರಲ್ಲಿ ಸದಾ ನಿಂತ ನೀರು. ಇವೆರಡೂ ಸೇರಿದರೆ ಸತು ಬೇರಿಗೆ ಸಿಗುವುದು ಕಷ್ಟ. ನಮ್ಮ ಗದ್ದೆಗಳಲ್ಲಿ ಎರಡೂ ಇವೆ. ಮೇಲಿಂದ ರಂಜಕ ಅತಿಯಾದರೆ ಗಿಡಕ್ಕೆ ಸತು ಇನ್ನೂ ಕಮ್ಮಿ ಸಿಗುತ್ತದೆ. ನಾವು ಡಿಎಪಿ ಹಾಕಿದ ಮೇಲೆ ಚುಕ್ಕೆ ಹೆಚ್ಚಾದದ್ದು ಅದಕ್ಕೇ.

ಇದಕ್ಕೆ ಏನಾದರೂ ನಿಯಮ ಅಂತ ಇದೆಯಾ?

ಇದೆ. ಕನಿಷ್ಠದ ನಿಯಮ ಅನ್ನುತ್ತಾರೆ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರ ಹೊತ್ತಿಗೇ ಇದನ್ನು ಹೇಳಿದ್ದರು. 1840ರ ನಂತರ ಯೂಸ್ಟುಸ್ ಫಾನ್ ಲೀಬಿಗ್ ಅದನ್ನು ಲೋಕಕ್ಕೆಲ್ಲ ಹರಡಿದರು. ಹೆಸರು ಲೀಬಿಗ್‌ಗೆ ಅಂಟಿಕೊಂಡಿತು. ಸ್ಪ್ರೆಂಗೆಲ್ ಅವರನ್ನು ನೆನೆಯುವವರು ಕಮ್ಮಿ, ಹಾಗಾಗಿ ಇಲ್ಲಿ ಅವರ ಹೆಸರನ್ನು ಮೊದಲು ಬರೆದಿದ್ದೇನೆ.

ಪಾಠಪುಸ್ತಕಗಳಲ್ಲಿ ಇದಕ್ಕೆ ಮರದ ಪೀಪಾಯಿಯ ಚಿತ್ರ ಹಾಕುತ್ತಾರೆ. ಒಂದು ಹಲಗೆ ಗಿಡ್ಡ ಇದ್ದರೆ ನೀರು ಅಲ್ಲಿಂದಲೇ ಚೆಲ್ಲುತ್ತದೆ ಅಂತ. ನಮಗೆ ಪೀಪಾಯಿ ಯಾಕೆ? ಗದ್ದೆಯ ಬದು ನೋಡಿದರೆ ಸಾಕು. ಮೂರು ಕಡೆ ಬದು ಮೊಣಕಾಲೆತ್ತರ ಇದೆ, ಒಂದು ಕಡೆ ಏಡಿ ತೂತು ಮಾಡಿ ಗೇಣೆತ್ತರಕ್ಕೆ ಕುಸಿದಿದೆ ಅಂದುಕೊಳ್ಳಿ. ಗದ್ದೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ? ಗೇಣೇ. ಉಳಿದ ಮೂರು ಬದುಗಳ ಮೇಲೆ ಎಷ್ಟು ಮಣ್ಣು ಏರಿಸಿದರೂ ಅಷ್ಟೇ. ಕುಸಿದ ಜಾಗ ಹುಡುಕಿ ಅಲ್ಲಿ ಒಂದು ಬುಟ್ಟಿ ಮಣ್ಣು ಹಾಕಿದರೆ ನೀರು ಏರುತ್ತದೆ. ಹಾಗೆ ಏರಿ ಮುಂದಿನ ತಗ್ಗು ಜಾಗಕ್ಕೆ ಬಂದು ಮತ್ತೆ ನಿಲ್ಲುತ್ತದೆ.

ಗಿಡಕ್ಕೆ ಬೇಕಾದ ಮೂಲವಸ್ತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ನೀರಿನಿಂದ ಬರುತ್ತವೆ. ಉಳಿದ 14ನ್ನು ಬೇರು ಮಣ್ಣಿನಿಂದ ತರಬೇಕು. ನಾವು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಮೂರನ್ನೇ: ಸಾರಜನಕ, ರಂಜಕ, ಪೊಟ್ಯಾಷ್. ಉಳಿದ ಹನ್ನೊಂದರಲ್ಲಿ ಯಾವ ಬದು ಕುಸಿದಿದೆಯೋ ಯಾರು ನೋಡುತ್ತಾರೆ?

ಗಾಳಿಯಲ್ಲಿ ಅಷ್ಟು ಸಾರಜನಕ ಇದೆಯಲ್ಲ, ಮತ್ತೆ ಚೀಲ ಯಾಕೆ ಬೇಕು?

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ. ಆದರೆ ಅದರ ಎರಡೆರಡು ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವುದು ಗಿಡದ ಕೈಲಿ ಆಗುವುದಿಲ್ಲ. ಸಿಡಿಲು ಸ್ವಲ್ಪ ಬಿಡಿಸುತ್ತದೆ. ಕೆಲವು ಬ್ಯಾಕ್ಟೀರಿಯಾ ಬಿಡಿಸುತ್ತವೆ. 20ನೇ ಶತಮಾನದ ಶುರುವಿನಲ್ಲಿ ಹೇಬರ್ ಮತ್ತು ಬಾಷ್ ಎಂಬ ಜರ್ಮನ್ ವಿಜ್ಞಾನಿಗಳು ಹೆಚ್ಚು ಶಾಖ, ಹೆಚ್ಚು ಒತ್ತಡ ಕೊಟ್ಟು ಕಾರ್ಖಾನೆಯಲ್ಲಿ ಬಿಡಿಸುವುದನ್ನು ಕಲಿತರು. ಇವತ್ತಿನ ಯೂರಿಯಾ ಚೀಲ ಅಲ್ಲಿಂದ ಬಂದದ್ದು.

ತೊಗರಿ, ಕಡಲೆ, ಶೇಂಗಾ ಗಿಡ ಕಿತ್ತು ನೋಡಿ. ಬೇರಿನಲ್ಲಿ ಸಣ್ಣ ಗಂಟು ಇರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಅಂತ. ನಮ್ಮ ಹಿರಿಯರು ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಆದರೆ ಈ ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು, ಮಾಲಿಬ್ಡಿನಮ್ ಎಂಬ ಲೋಹ ಚೂರೇ ಚೂರು ಬೇಕು, ರಂಜಕವಂತೂ ಚೆನ್ನಾಗಿಯೇ ಬೇಕು. ರಂಜಕ ಇಲ್ಲದ ಹೊಲದಲ್ಲಿ ತೊಗರಿ ಕೂಡ ಗಾಳಿಯಿಂದ ಸಾರಜನಕ ಹಿಡಿಯಲಾರದು.

ಎರೆ ಭೂಮಿ ಅಂದರೆ ಫಲವತ್ತು ಅಂತಾರೆ. ಅದರಲ್ಲೂ ಕೊರತೆ ಇರುತ್ತಾ?

ಎಲ್ಲರಿಗೂ ಇದನ್ನು ನಂಬುವುದೇ ಕಷ್ಟ. ನನಗೂ ಕಷ್ಟವಾಗಿತ್ತು. ಕಪ್ಪಗೆ, ಬೆಣ್ಣೆಯ ಹಾಗೆ ಇರುವ ಮಣ್ಣಿನಲ್ಲಿ ಏನು ಕೊರತೆ?

ಮಣ್ಣಿನಲ್ಲಿ ಇರುವುದು ಬೇರೆ, ಬೇರಿಗೆ ಸಿಗುವುದು ಬೇರೆ. ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಹೊಲದಲ್ಲಿ ಬಿಳಿ ಸುಣ್ಣದ ಹರಳು ನೀವೇ ನೋಡಿರುತ್ತೀರಿ. ಪಿಎಚ್ 8ರ ಆಚೆ ಈಚೆ ಇರುತ್ತದೆ, ಅಂದರೆ ಕ್ಷಾರದ ಕಡೆಗೆ. ಇಂಥ ಮಣ್ಣಿಗೆ ರಂಜಕ ಹಾಕಿದರೆ ಅದರಲ್ಲಿ ಎಷ್ಟೋ ಪಾಲು ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಬಾಗಿಲಿಗೆ ಬೀಗ ಹಾಕಿದ ಹಗೇವಿನ ಹಾಗೆ. ಜೋಳ ಒಳಗಿದೆ, ರೊಟ್ಟಿಗೆ ಹಿಟ್ಟಿಲ್ಲ.

ಕಬ್ಬಿಣದ್ದೂ ಇದೇ ಕತೆ. ಸುಣ್ಣ ಹೆಚ್ಚಿರುವ ಹೊಲದಲ್ಲಿ ಮಳೆ ಹಿಡಿದು ಮಣ್ಣು ಒದ್ದೆಯಾದಾಗ ಶೇಂಗಾದ ಎಳೆ ಎಲೆ ಹಳದಿ ತಿರುಗುತ್ತದೆ, ನರಗಳು ಮಾತ್ರ ಹಸಿರು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಕ್ಷಾರದಲ್ಲಿ ಅದು ಕರಗುವುದಿಲ್ಲ. ಕರಗದ್ದನ್ನು ಬೇರು ಕುಡಿಯಲಾರದು.

ನೀರನ್ನೂ ಎರೆ ಹೀಗೇ ಹಿಡಿದುಕೊಳ್ಳುತ್ತದೆ. ಈ ಮಣ್ಣಿನ ಕಣ ಬಹಳ ಸಣ್ಣದು, ನೀರು ತುಂಬಾ ಹಿಡಿಯುತ್ತದೆ. ಅದಕ್ಕೇ ಹಿಂಗಾರಿನಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಬಿಳಿಜೋಳ, ಕಡಲೆ ಬರುತ್ತವೆ. ಆದರೆ ಕೊನೆಯ ಪಾಲು ನೀರನ್ನು ಮಣ್ಣು ಬಿಟ್ಟುಕೊಡುವುದೇ ಇಲ್ಲ. ಮುಟ್ಟಿದರೆ ತಂಪಾಗಿರುವ ಹೆಂಟೆಯ ಪಕ್ಕದಲ್ಲೇ ಗಿಡ ಬಾಡಿ ನಿಂತಿರುತ್ತದೆ.

2009ರಲ್ಲಿ ಕರ್ನಾಟಕ ಸರ್ಕಾರ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಭೂಚೇತನ ಯೋಜನೆ ಶುರು ಮಾಡಿತು. ಮಳೆಯಾಧಾರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಗಂಧಕ, ಬೋರಾನ್, ಸತುವಿನ ಕೊರತೆ. ನಾವು ಅಲ್ಲಿಯವರೆಗೆ ಹೆಸರೇ ಎತ್ತದಿದ್ದ ಮೂರು ವಸ್ತುಗಳು.

ಮಸಾರಿ ಹೊಲದಲ್ಲಿ?

ಮಸಾರಿಯ ಕಷ್ಟ ಬೇರೆ. ಕುಷ್ಟಗಿ, ಲಿಂಗಸುಗೂರು ಕಡೆಯ ಕೆಂಪು ಮಣ್ಣು ತೆಳು, ಮರಳು ಹೆಚ್ಚು. ನೀರನ್ನೂ ಹಿಡಿಯುವುದಿಲ್ಲ, ಸಾರಜನಕವನ್ನೂ ಹಿಡಿಯುವುದಿಲ್ಲ. ಇಲ್ಲಿ ಬೀಗದ ಸಮಸ್ಯೆ ಕಮ್ಮಿ, ಸೋರುವ ಸಮಸ್ಯೆ ಜಾಸ್ತಿ. ಅದಕ್ಕೇ ತಿಪ್ಪೆಗೊಬ್ಬರಕ್ಕೆ ಮಸಾರಿ ಬೇಗ ತಲೆಯಾಡಿಸುತ್ತದೆ.

ಯಾವಾಗಲೂ ಒಂದೇ ವಸ್ತು ಕಮ್ಮಿ ಇರುತ್ತದಾ?

ಇಲ್ಲ. ಕಾಲ ಬದಲಾದ ಹಾಗೆ ಅದೂ ಬದಲಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500ರಿಂದ 650 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಎಲ್ಲಕ್ಕೂ ನೀರೇ ತಡೆ. ಮೃಗಶಿರಾ ಮಳೆ ಚೆನ್ನಾಗಿ ಬಿತ್ತು ಅನ್ನಿ, ಹದಿನೈದು ದಿನದಲ್ಲಿ ತಡೆ ಸಾರಜನಕಕ್ಕೆ ಹೋಗುತ್ತದೆ. ನಡುವೆ ಮಳೆ ಕೈಕೊಟ್ಟರೆ ಮತ್ತೆ ನೀರು. ಆ ಹೊತ್ತಲ್ಲಿ ಹಾಕಿದ ಯೂರಿಯಾ ಗಾಳಿಗೆ ಹೋಗುತ್ತದೆ ಅಷ್ಟೇ. ಕೆಲವು ಕಡೆ ಸಾರಜನಕ, ರಂಜಕ ಎರಡೂ ಒಟ್ಟಿಗೆ ಕಮ್ಮಿ ಇರುತ್ತವೆ, ಒಂದನ್ನೇ ಕೊಟ್ಟರೆ ಏನೂ ಕಾಣುವುದಿಲ್ಲ. ಲೀಬಿಗ್ ಹೇಳಿದಷ್ಟು ಸರಳವಾಗಿ ಹೊಲ ನಡೆಯುವುದಿಲ್ಲ.

ತುಂಗಭದ್ರಾ ಡ್ಯಾಮಿನ ನೀರು ಕೆಲವು ವರ್ಷ ಹಸಿರಾಗುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬಹಳ ಇದೆ. ಈ ವಿಷಯದಲ್ಲಿ ನನಗೆ ಅತ್ಯಂತ ಹತ್ತಿರದ ಪ್ರಶ್ನೆ ಇದು. ನಾವು ಕುಡಿಯುವ ನೀರು ಅದು.

ಮುನಿರಾಬಾದ್ ಕಡೆಯಿಂದ ಮಳೆಗಾಲದಲ್ಲಿ ಹಿನ್ನೀರು ನೋಡಿ. ಕೆಂಪಗೆ ಚಹದ ಹಾಗೆ ಇರುತ್ತದೆ. ಮಲೆನಾಡಿನಿಂದ ಇಲ್ಲಿಯವರೆಗಿನ ಹೂಳು ಅದರಲ್ಲಿ ತೇಲುತ್ತಿರುತ್ತದೆ. ಆಗ ನೀರಿನಲ್ಲಿ ಪೋಷಕಾಂಶ ತುಂಬಾ ಇದೆ, ಆದರೆ ಪಾಚಿ ಬೆಳೆಯುವುದಿಲ್ಲ. ಯಾಕೆಂದರೆ ಬೆಳಕು ಒಳಗೆ ಇಳಿಯುವುದಿಲ್ಲ. ಬೆಳಕೇ ಆಗಿನ ಕುಸಿದ ಬದು. ಮಳೆ ನಿಂತು ಹೂಳು ತಳಕ್ಕೆ ಕೂರುತ್ತದೆ. ನೀರು ತಿಳಿಯಾಗುತ್ತದೆ. ಬಿಸಿಲು ಒಳಗೆ ಇಳಿಯುತ್ತದೆ. ಆಗ ನೀಲಿಹಸಿರು ಪಾಚಿ ಒಮ್ಮೆಲೇ ಏಳುತ್ತದೆ. ಎಲ್ಲಿಯವರೆಗೆ? ರಂಜಕ ಮುಗಿಯುವವರೆಗೆ.

ರಂಜಕವೇ ಯಾಕೆ? ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಸಾರಜನಕವನ್ನು ಗಾಳಿಯಿಂದಲೇ ತೆಗೆದುಕೊಳ್ಳುತ್ತವೆ. ಇಂಗಾಲವೂ ಗಾಳಿಯಿಂದ ಬರುತ್ತದೆ. ರಂಜಕ ಮಾತ್ರ ಗಾಳಿಯಲ್ಲಿ ಅನಿಲವಾಗಿ ಸುಳಿಯುವುದಿಲ್ಲ. ಮಣ್ಣು, ಗೊಬ್ಬರ, ಊರಿನ ಚರಂಡಿ, ಸೋಪಿನ ನೀರು, ಇವುಗಳ ಜೊತೆಗೇ ಬರಬೇಕು.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವರು ಕೆನಡಾದ ಡೇವಿಡ್ ಶಿಂಡ್ಲರ್. 1973ರಲ್ಲಿ ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಕೆರೆಯನ್ನು ಅವರ ತಂಡ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿತು. ಆ ಕೆರೆಗೆ ಹೆಸರೂ ಇಲ್ಲ, 226 ಎಂಬ ನಂಬರು ಅಷ್ಟೇ. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ದಟ್ಟ ಹಸಿರಾಯಿತು. ಪರದೆಯ ಆಚೆ ನೀರು ಕಪ್ಪು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಫೋಟೊ ನೋಡಿದವರಿಗೆ ಬೇರೆ ವಾದ ಬೇಕಾಗಲಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಕಡಿಮೆ ಮಾಡಲು ಹಲವು ದೇಶಗಳು ಕಾನೂನು ತಂದವು.

ನಮ್ಮ ಜಲಾಶಯದ್ದು ಇನ್ನೊಂದು ಮಾತಿದೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಉಳಿದ ಜಾಗ ಹೂಳಿನದ್ದು. ಆ ಹೂಳು ಸುಮ್ಮನೆ ಕೂತ ಮಣ್ಣಲ್ಲ. ಅದಕ್ಕೆ ಅಂಟಿಕೊಂಡು ರಂಜಕವೂ ಕೂತಿದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಅದರಲ್ಲಿ ಸ್ವಲ್ಪ ಮತ್ತೆ ನೀರಿಗೆ ಬಿಡುಗಡೆ ಆಗುತ್ತದೆ. ಅಂದರೆ ಇವತ್ತು ಮೇಲಿನಿಂದ ಗೊಬ್ಬರ, ಕೊಳಚೆ ಬರುವುದು ನಿಂತರೂ ಹಳೆಯ ಸಾಲ ಕೆಲವು ಕಾಲ ತೀರುವುದಿಲ್ಲ. ನಾಳೆಗೆ ಬಿಡುವ ಕೆಲಸ ಇದಲ್ಲ.

ಹಸಿರು ನೀರನ್ನು ದನಕ್ಕೆ ಕುಡಿಸಬಹುದಾ ಅಂತ ಕೇಳುತ್ತಾರೆ. ದಡದಲ್ಲಿ ಬಣ್ಣದ ಹಾಗೆ ಕೆನೆ ಕಟ್ಟಿದ್ದರೆ ಬೇಡ. ನೀಲಿಹಸಿರು ಪಾಚಿಯ ಕೆಲವು ಜಾತಿಗಳಲ್ಲಿ ವಿಷ ಇರುತ್ತದೆ.

ಸಂಡೂರಿನ ಗುಡ್ಡ ಪೂರಾ ಕಬ್ಬಿಣ. ಅಲ್ಲಿನ ಗಿಡಗಳಿಗೆ ಅದು ಲಾಭ ಅಲ್ವಾ?

ಕಬ್ಬಿಣಕ್ಕೆ ಕೊರತೆ ಇಲ್ಲ, ನಿಜ. ಆದರೆ ಕಬ್ಬಿಣ ಹೆಚ್ಚಿರುವ ಕೆಂಪು ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರೆಯಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಕಬ್ಬಿಣ ಮಾಡುತ್ತದೆ. ಅಲ್ಲಿ ಕಾಡು ನಿಂತಿರುವುದು ಉದುರಿದ ಎಲೆ ಕೊಳೆತು ಮೇಲಿನ ತೆಳು ಪದರದಲ್ಲೇ ಮತ್ತೆ ಮತ್ತೆ ಸುತ್ತುವುದರಿಂದ. ಗಣಿಗಾಗಿ ಮೇಲ್ಮಣ್ಣು ಕೆರೆದು ತೆಗೆದ ಜಾಗದಲ್ಲಿ ಸಸಿ ನೆಟ್ಟರೆ ಯಾಕೆ ಹಿಡಿಯುವುದಿಲ್ಲ ಅಂತ ಬೇಸರ ಪಡುತ್ತೇವಲ್ಲ, ಆ ಪದರವೇ ಹೋಗಿರುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಸಮುದ್ರದಲ್ಲಿ ನಡೆಯುತ್ತದೆ. ಶಾಂತ ಸಾಗರದ ಕೆಲವು ಭಾಗಗಳಲ್ಲಿ ಸಾರಜನಕ, ರಂಜಕ ಎರಡೂ ಧಾರಾಳ. ಆದರೂ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳು ಬಹಳ ಕಮ್ಮಿ. ಕಾರಣ ಕಬ್ಬಿಣದ ಕೊರತೆ ಎಂದು ಅಮೆರಿಕದ ಜಾನ್ ಮಾರ್ಟಿನ್ ಹೇಳಿದರು. ಅನೇಕರು ಒಪ್ಪಲಿಲ್ಲ. 1993ರ ಕೊನೆಯಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ ಸಮುದ್ರಕ್ಕೆ ಕಬ್ಬಿಣ ಕರಗಿಸಿ ಬಿಟ್ಟು ನೋಡಿದರು. ಕೆಲವೇ ದಿನದಲ್ಲಿ ಸಸ್ಯಜೀವಿಗಳು ಹೆಚ್ಚಿದವು. ಅದನ್ನು ನೋಡಲು ಮಾರ್ಟಿನ್ ಇರಲಿಲ್ಲ, ಅದೇ ವರ್ಷ ಕೆಲವು ತಿಂಗಳ ಮುಂಚೆ ತೀರಿಕೊಂಡಿದ್ದರು. ನಮ್ಮ ಗುಡ್ಡದಲ್ಲಿ ಲಾರಿಗಟ್ಟಲೆ ಇರುವ ವಸ್ತು ಅಲ್ಲಿ ಒಂದು ಚಿಟಿಕೆ ಇಲ್ಲದೆ ಸಾಗರವೇ ಬರಡಾಗಿದೆ.

ನೀರು ನಿಂತಿದೆ, ಆದರೂ ಬೆಳೆ ಒಣಗುತ್ತದೆ. ಇದೇನು?

ಸವಳು. ಕಾಲುವೆ ಬಂದ ಮೇಲೆ ನಮ್ಮ ಕಡೆ ಬಂದ ದೊಡ್ಡ ಕಷ್ಟ. ಎರೆಗೆ ವರ್ಷಗಟ್ಟಲೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರು ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಬೇರಿನ ಸುತ್ತ ಉಪ್ಪು ಹೆಚ್ಚಾದರೆ ಬೇರು ನೀರು ಎಳೆಯಲಾರದು. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳು ನೀರು ಬಿಡುವುದನ್ನು ನೋಡಿದ್ದೀರಲ್ಲ, ಅದೇ ಎಳೆತ.

ಇಲ್ಲೂ ವಸ್ತು ಇದೆ, ಸಿಗುವುದಿಲ್ಲ. ಹೊಲದಲ್ಲಿ ನೀರು ಇಳಿದು ಹೋಗಲು ಬಸಿಗಾಲುವೆ ಬೇಕು. ಬರೀ ಉಪ್ಪಲ್ಲದೆ ಸೋಡಿಯಂ ಹೆಚ್ಚಾಗಿ ಮಣ್ಣು ಗಟ್ಟಿ ಕಟ್ಟಿದ್ದರೆ ಜಿಪ್ಸಮ್ ಬೇಕು. ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದರೆ ಒಳ್ಳೆಯದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಅಲ್ಲಿ ಹೋಗಿ ಕೇಳಿ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಸವಳು, ಮಾನ್ವಿ ಕಡೆಯ ಕೊನೆಯ ಭಾಗಕ್ಕೆ ನೀರೇ ಮುಟ್ಟದೆ ಬಾಡು. ಒಂದೇ ಕಾಲುವೆಯಲ್ಲಿ ಎರಡೂ ನಡೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಳ್ಳಾರಿ ಜಾಲಿ ಮಾತ್ರ ಎಲ್ಲೆಂದರಲ್ಲಿ ಹೇಗೆ ಬೆಳೆಯುತ್ತದೆ?

ಪಾಪ, ಊರಿನ ಹೆಸರು ಅದಕ್ಕೆ ಅಂಟಿದೆ. ಮರ ಮಾತ್ರ ಅಮೆರಿಕ ಖಂಡದ್ದು. ಇಲ್ಲಿ ಬೇರೆ ಗಿಡಗಳಿಗೆ ಯಾವುದೆಲ್ಲ ಕಮ್ಮಿಯೋ ಅದಕ್ಕೆಲ್ಲ ಇದರ ಹತ್ತಿರ ದಾರಿ ಇದೆ. ನೀರು ಕಮ್ಮಿಯಾ? ಬೇರು ಆಳಕ್ಕೆ ಹೋಗುತ್ತದೆ. ಇದರ ದಾಯಾದಿ ಮರವೊಂದರ ಬೇರು ಅಮೆರಿಕದ ಗಣಿಯಲ್ಲಿ 50 ಮೀಟರಿಗೂ ಆಳದಲ್ಲಿ ಸಿಕ್ಕಿದೆ. ಸಾರಜನಕ ಕಮ್ಮಿಯಾ? ತೊಗರಿಯ ಹಾಗೆ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಸವಳು ನೆಲವಾ? ತಾಳಿಕೊಳ್ಳುತ್ತದೆ. ಮೇಕೆ ಕಾಯಿ ತಿಂದು ಬೀಜವನ್ನು ಗೊಬ್ಬರದ ಜೊತೆಗೇ ಬೇರೆ ಕಡೆ ಇಳಿಸುತ್ತದೆ. ಅದಕ್ಕೆ ಇಲ್ಲಿ ತಡೆ ಅಂತ ಉಳಿದದ್ದು ಬಹುಶಃ ನಮ್ಮ ಕೊಡಲಿ ಒಂದೇ, ಅದಕ್ಕೂ ಚಿಗುರಿ ಬರುತ್ತದೆ.

ದನ ಎಲುಬು ಕಡಿಯುತ್ತದೆ, ಬಟ್ಟೆ ತಿನ್ನುತ್ತದೆ. ಯಾರಾದರೂ ಮಾಟ ಮಾಡಿಸಿದ್ದಾರಾ?

ಯಾರೂ ಮಾಡಿಲ್ಲ. ಹೆಚ್ಚಿನ ಸಲ ಅದು ರಂಜಕದ ಹಸಿವು. ಮಣ್ಣಿನಲ್ಲಿ ಸಿಗುವ ರಂಜಕ ಕಮ್ಮಿ ಇದ್ದರೆ ಹುಲ್ಲಿನಲ್ಲಿ ಕಮ್ಮಿ, ಹುಲ್ಲಿನಲ್ಲಿ ಕಮ್ಮಿ ಇದ್ದರೆ ದನದ ಮೈಯಲ್ಲಿ ಕಮ್ಮಿ. ಎಲುಬಿನಲ್ಲಿ ರಂಜಕ ಇದೆ ಎಂದು ದನಕ್ಕೆ ಹೇಗೋ ತಿಳಿಯುತ್ತದೆ. ಪಶುವೈದ್ಯರಿಗೆ ತೋರಿಸಿ, ಖನಿಜ ಮಿಶ್ರಣ ಕೊಡಿ. ಹಳೆಯ ಎಲುಬು ಕಡಿಯಲು ಬಿಡಬೇಡಿ, ಅದರಿಂದ ಬೇರೆ ವಿಷ ತಗಲಬಹುದು.

ಹೊಳೆದಂಡೆಯ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುವುದನ್ನು ನೋಡಿದ್ದೀರಾ? ಅವು ಹುಡುಕುತ್ತಿರುವುದು ಉಪ್ಪು. ಹೂವಿನ ಮಕರಂದದಲ್ಲಿ ಸಕ್ಕರೆ ಇದೆ, ಉಪ್ಪಿನ ಸೋಡಿಯಂ ಬಹಳ ಕಮ್ಮಿ. ಹೆಚ್ಚಾಗಿ ಗಂಡು ಚಿಟ್ಟೆಗಳೇ ಬಂದು ಕುಡಿಯುತ್ತವೆ, ಕೂಡುವಾಗ ಅದನ್ನು ಹೆಣ್ಣಿಗೆ ಕೊಡುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ನಮಗೆ ಹೊಲ ಕೆಡಿಸುವ ಉಪ್ಪು ಅವಕ್ಕೆ ಮಕ್ಕಳ ಪಾಲಿನ ಆಸ್ತಿ.

ಕಾಡುಪ್ರಾಣಿಗಳಿಗೂ ಇದೇ ಲೆಕ್ಕವಾ?

ಹೌದು, ಆದರೆ ಅವುಗಳಲ್ಲಿ ಕಮ್ಮಿ ಬೀಳುವುದು ಪೋಷಕಾಂಶವೇ ಆಗಬೇಕಿಲ್ಲ. ದರೋಜಿ ಕರಡಿಧಾಮವನ್ನು 1994ರಲ್ಲಿ ಘೋಷಿಸಿದರು. ಅಲ್ಲಿ ಗೆದ್ದಲಿದೆ, ಕವಳಿ ಹಣ್ಣು, ಬಾರಿ ಹಣ್ಣು ಇದೆ, ಬಂಡೆಗಳ ನಡುವೆ ತಂಪು ಗವಿ ಇದೆ. ಬೇಸಿಗೆಯಲ್ಲಿ ನೀರು ಕಮ್ಮಿ. ತುಂಗಭದ್ರೆಯ ನೀರುನಾಯಿಗೆ ನೀರಿದೆ. ಅದಕ್ಕೆ ಬೇಕಾದದ್ದು ಮೀನು ಮತ್ತು ಮರಿ ಹಾಕಲು ಜನ ಮುಟ್ಟದ ಬಂಡೆ ಸಂದು. ಅದಕ್ಕೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೊಮೀಟರ್ ಹೊಳೆಯನ್ನು ನೀರುನಾಯಿಗಾಗಿ ಮೀಸಲು ಮಾಡಿದರು. ಮೀನಿಗೆ ಸಿಡಿಮದ್ದು ಹಾಕಿದರೆ ಒಂದೇ ಏಟಿಗೆ ಎರಡೂ ಹೋಗುತ್ತವೆ.

ಸಿರುಗುಪ್ಪದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮಿಡತೆ, ಕಾಳು ಎಲ್ಲ ತಿನ್ನುತ್ತದೆ, ಆಹಾರಕ್ಕೆ ಬರವಿಲ್ಲ. ಅದಕ್ಕೆ ಬೇಕು ತೆರೆದ ಬಯಲು. ಮರ ಬೇಡ, ತಂತಿ ಬೇಡ, ಭತ್ತದ ನೀರು ಬೇಡ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಬಯಲನ್ನು ನಾವು ಪಾಳುಭೂಮಿ ಎಂದು ಕಾಗದದಲ್ಲಿ ಬರೆಯುತ್ತೇವೆ. ಇಡೀ ಲೋಕದಲ್ಲಿ ಈಗ ಉಳಿದಿರುವುದು ಸುಮಾರು 150 ಹಕ್ಕಿ.

ಕುಡತಿನಿಯ ಬೂದಿಗುಡ್ಡಕ್ಕೂ ಗೊಬ್ಬರಕ್ಕೂ ಸಂಬಂಧ ಇದೆ ಅಂತಾರಲ್ಲ?

ಇದೆ. ಬಳ್ಳಾರಿ ಸುತ್ತ ಇಂಥ ಬೂದಿ ದಿಬ್ಬ ಹಲವು ಇವೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಅನ್ನುತ್ತಾರೆ. ಅಗೆದು ನೋಡಿದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಟ್ಟುತ್ತಿದ್ದ ಜನ ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ.

ಲೆಕ್ಕ ಹಾಕಿ ನೋಡಿ. ಮೈಲುಗಟ್ಟಲೆ ಬಯಲಿನ ಹುಲ್ಲು ದನದ ಹೊಟ್ಟೆಗೆ ಹೋಯಿತು. ಸಗಣಿ ಒಂದು ಕಡೆ ಬಿತ್ತು. ಸುಟ್ಟಾಗ ಸಾರಜನಕ ಗಾಳಿಗೆ ಹೋಯಿತು, ರಂಜಕ, ಸುಣ್ಣದಂಥವು ಬೂದಿಯಲ್ಲಿ ಉಳಿದವು. ಬಯಲು ಕೊಟ್ಟದ್ದು ದಿಬ್ಬದಲ್ಲಿ ಕೂತಿತು. ಕುರಿಗಾರರು ಮಾಡುವುದು ಇದರ ಒಳ್ಳೆಯ ರೂಪ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿಸುತ್ತಾರೆ. ಹಗಲು ಗುಡ್ಡದಲ್ಲಿ ಮೇಯ್ದದ್ದು ರಾತ್ರಿ ಹೊಲಕ್ಕೆ ಇಳಿಯುತ್ತದೆ, ಸುಡದೆ. ಭತ್ತದ ಹುಲ್ಲು, ಹತ್ತಿ ಕಟ್ಟಿಗೆಗೆ ಹೊಲದಲ್ಲೇ ಬೆಂಕಿ ಇಡುವವರಿಗೆ ನಾನು ಈ ದಿಬ್ಬದ ಮಾತು ಹೇಳುತ್ತೇನೆ. ಹುಲ್ಲಿನ ಸಾರಜನಕ ಹೆಚ್ಚುಕಮ್ಮಿ ಅಷ್ಟೂ ಹೊಗೆಯಲ್ಲಿ ಹೋಗುತ್ತದೆ. ಆಮೇಲೆ ಅದನ್ನೇ ಚೀಲದಲ್ಲಿ ಕೊಂಡು ತರುತ್ತೇವೆ.

ಹಾಗಾದರೆ ಕೊರತೆ ಇರುವ ಕಡೆಗೆಲ್ಲ ಗೊಬ್ಬರ ಹಾಕಿಬಿಟ್ಟರೆ ಒಳ್ಳೆಯದಲ್ವಾ?

ಹೊಲಕ್ಕೆ ಹೌದು, ಅಳತೆಯಲ್ಲಿ. ಗುಡ್ಡ, ಹುಲ್ಲುಗಾವಲು, ಹೊಳೆಗೆ ಬೇಡ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದು ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಡೆದಿದೆ. ಏನೂ ಹಾಕದ ತುಂಡಿನಲ್ಲಿ ನಲವತ್ತರ ಆಸುಪಾಸು ಜಾತಿಯ ಗಿಡಗಳಿವೆ. ಸಾರಜನಕ ಜಾಸ್ತಿ ಹಾಕುತ್ತಾ ಬಂದ ಕೆಲವು ತುಂಡುಗಳಲ್ಲಿ ಉಳಿದಿರುವುದು ಎರಡೋ ಮೂರೋ. ಹುಲ್ಲು ಎತ್ತರಕ್ಕೆ ಬಂತು, ಜಾತಿಗಳು ಹೋದವು. ಬಡ ಮಣ್ಣಿನಲ್ಲಿ ಯಾರೊಬ್ಬರೂ ಪೂರಾ ಗೆಲ್ಲುವುದಿಲ್ಲ, ಹಾಗಾಗಿ ಎಲ್ಲರೂ ಉಳಿಯುತ್ತಾರೆ. ಕೊಪ್ಪಳದ ಕಲ್ಲುಗುಡ್ಡದ ಸಣ್ಣ ಸಣ್ಣ ಹೂಗಿಡ ಅಷ್ಟೊಂದು ಬಗೆ ಇರುವುದಕ್ಕೆ ಅಲ್ಲಿನ ಬಡತನವೂ ಒಂದು ಕಾರಣ.

ನಮ್ಮ ಹೊಲದಲ್ಲಿ ಯಾವುದು ಕಮ್ಮಿ ಅಂತ ತಿಳಿಯುವುದು ಹೇಗೆ?

ಮೊದಲು ಎಲೆ ನೋಡಿ. ಹಳೆಯ ಎಲೆ ಹಳದಿಯಾಗಿ ಎಳೆ ಎಲೆ ಹಸಿರಿದ್ದರೆ ಹೆಚ್ಚಾಗಿ ಸಾರಜನಕ. ಗಿಡ ಹಳೆಯ ಎಲೆಯಿಂದ ಅದನ್ನು ತೆಗೆದು ಎಳೆಯದಕ್ಕೆ ಉಣ್ಣಿಸುತ್ತದೆ. ಎಳೆ ಎಲೆಯೇ ಹಳದಿಯಾಗಿ ನರ ಹಸಿರಿದ್ದರೆ ಕಬ್ಬಿಣ, ಅದನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಹಳೆ ಎಲೆಯ ಅಂಚು ಸುಟ್ಟ ಹಾಗಾದರೆ ಪೊಟ್ಯಾಷ್. ಭತ್ತದ ತುಕ್ಕು ಚುಕ್ಕೆ ನಮ್ಮ ಮನೆಯ ಕತೆಯಲ್ಲಿ ಬಂತು.

ಎಲೆ ಹೇಳುವ ಹೊತ್ತಿಗೆ ತಡವಾಗಿರುತ್ತದೆ, ನಮಗೆ ಆದ ಹಾಗೆ. ಅದಕ್ಕೇ ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ, ಸತು, ಬೋರಾನ್, ಗಂಧಕ ಎಲ್ಲ ಸೇರಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ. ಕಾರ್ಡು ಬಂದ ಮೇಲೆ ಗೋಡೆಗೆ ಸಿಕ್ಕಿಸಿ ಮರೆಯಬೇಡಿ, ಕಮ್ಮಿ ಎಂದು ಬರೆದ ಸಾಲನ್ನು ಮೊದಲು ಓದಿ.

ಮಣ್ಣು ತೆಗೆಯುವುದು ಹೀಗೆ. ಹೊಲದಲ್ಲಿ ಎಂಟು ಹತ್ತು ಕಡೆ ಸುಮಾರು 15 ಸೆಂಟಿಮೀಟರ್ ಆಳಕ್ಕೆ ಗುಣಿ ತೋಡಿ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯಿರಿ. ಎಲ್ಲ ಸೇರಿಸಿ, ನೆರಳಲ್ಲಿ ಆರಿಸಿ, ಅರ್ಧ ಕೆಜಿ ಕಳಿಸಿ. ಎರೆ, ಮಸಾರಿ ಎರಡೂ ಇದ್ದರೆ ಬೇರೆ ಬೇರೆ ಚೀಲ. ಬದು, ಮರದ ಬುಡ, ಕುರಿ ತರುಬಿದ ಜಾಗ, ತಿಪ್ಪೆ ಇದ್ದ ಜಾಗದಿಂದ ಮಾತ್ರ ತೆಗೆಯಬೇಡಿ, ಅಲ್ಲಿ ಬೇರೆ ಕಡೆಯದೆಲ್ಲ ಬಂದು ಕೂತಿರುತ್ತದೆ.